ಆಜ್ಞೆ, ನಾದ, ಕರೆಂಟು: ಮನೆ ಸ್ಟುಡಿಯೋದಲ್ಲಿ ಮಿಡಿ ಜೋಡಣೆ

(ಮನೆಯಲ್ಲೇ ರೆಕಾರ್ಡಿಂಗ್ ಮಾಡುವವರಿಗಾಗಿ ಕೊಟ್ಟ ಪ್ರಾತ್ಯಕ್ಷಿಕೆ ಸಹಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಏನೇನಿದೆ ಎಂದು ಮೊದಲು ಹೇಳಿಬಿಡುತ್ತೇನೆ. ಒಂದು ಲ್ಯಾಪ್‌ಟಾಪ್, ಎರಡು ಇನ್‌ಪುಟ್ಟಿನ ಆಡಿಯೋ ಇಂಟರ್‌ಫೇಸ್ (ಸದ್ದನ್ನು ಕಂಪ್ಯೂಟರ್‌ನ ಒಳಕ್ಕೂ ಹೊರಕ್ಕೂ ದಾಟಿಸುವ ಪೆಟ್ಟಿಗೆ), ಸ್ವಂತ ಸದ್ದಿಲ್ಲದ 49 ಕೀಗಳ ಕಂಟ್ರೋಲರ್, ಸ್ವಂತ ಸದ್ದಿರುವ 61 ಕೀಗಳ ಸಿಂಥ್ (ಸಿಂಥಸೈಸರ್ ಕೀಬೋರ್ಡ್), ಸಣ್ಣದೊಂದು ಡ್ರಮ್ ಮಷೀನ್, ಒಂದು ಮೈಕ್, ಒಂದು ಜೊತೆ ಸ್ಪೀಕರ್. ಕೋಣೆಯ ಮೂಲೆಯಲ್ಲಿ ಕೂತು ಭಾವಗೀತೆಗೋ ಕಿರುಚಿತ್ರಕ್ಕೋ ಸಂಗೀತ ಮಾಡುವವರ ಹತ್ತಿರ ಹೆಚ್ಚೂಕಡಿಮೆ ಇಷ್ಟಿರುತ್ತದೆ. ಇಷ್ಟನ್ನು ಜೋಡಿಸಲು ಹದಿನೈದು ಕೇಬಲ್ ಬೇಕಾಗಬಹುದು, ಆದರೆ ಅವುಗಳಲ್ಲಿ ಮೂರೇ ಜಾತಿ. ಆಜ್ಞೆ ಒಯ್ಯುವವು, ನಾದ ಒಯ್ಯುವವು, ಕರೆಂಟು ಒಯ್ಯುವವು. ಕೇಬಲ್ ಕೈಗೆತ್ತಿಕೊಂಡಾಗಲೆಲ್ಲ ಇದು ಯಾವ ಜಾತಿ, ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಕೇಳಿಕೊಳ್ಳಿ. ಮನೆ ಸ್ಟುಡಿಯೋಗಳ ಹೆಚ್ಚಿನ ತೊಂದರೆಗಳು ಒಂದು ದಾರಿಯ ದೋಷವನ್ನು ಇನ್ನೊಂದು ದಾರಿಯಲ್ಲಿ ಹುಡುಕುವುದರಿಂದ ಬಗೆಹರಿಯದೆ ಉಳಿಯುತ್ತವೆ. ಯುಎಸ್‌ಬಿ ಕೇಬಲ್ ಮೂರನ್ನೂ ಒಟ್ಟಿಗೆ ಒಯ್ಯಬಲ್ಲದು; ಗೊಂದಲ ಹೆಚ್ಚಿದ್ದೂ ಅದರಿಂದಲೇ.

ಮಿಡಿ, ಅಂದರೆ ವಾದ್ಯಗಳೂ ಕಂಪ್ಯೂಟರೂ ಪರಸ್ಪರ ಮಾತಾಡಿಕೊಳ್ಳುವ ಭಾಷೆ, ಆಜ್ಞೆಯ ಜಾತಿ. ಅದರಲ್ಲಿ ಸದ್ದು ಹರಿಯುವುದಿಲ್ಲ. ಗೊತ್ತಿರುವ ಮಾತೇ, ಆದರೂ "ಕೇಬಲ್ ಹಾಕಿದೀನಿ, ಸೌಂಡ್ ಬರ್ತಿಲ್ಲ" ಎನ್ನುವವರಲ್ಲಿ ಅನೇಕರು ಸಿಂಥ್‌ನ ಆಡಿಯೋ ಔಟ್‌ಪುಟ್ಟನ್ನು ಇಂಟರ್‌ಫೇಸ್‌ಗೆ ಕೊಟ್ಟಿರುವುದೇ ಇಲ್ಲ. ಈಗ ಸ್ಕ್ರೀನ್ ನೋಡಿ. ಮಿಡಿ ಮಾನಿಟರ್ ತೆರೆದಿದ್ದೇನೆ. ವಿಂಡೋಸ್‌ಗೆ ಮಿಡಿ-ಆಕ್ಸ್, ಮ್ಯಾಕ್‌ಗೆ ಮಿಡಿ ಮಾನಿಟರ್ ಎಂಬ ಹೆಸರಿನದೇ ಒಂದು ಸಾಫ್ಟ್‌ವೇರ್ ಸಿಗುತ್ತದೆ. ಕಂಟ್ರೋಲರ್‌ನ ನಡುವಿನ ಸಿ ಕೀ ಒತ್ತುತ್ತೇನೆ. ಬಂದದ್ದು ಮೂರು ಸಂಖ್ಯೆ: 144, 60, 100. (ಮಿಡಿ-ಆಕ್ಸ್ ಇದನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, ನಾನು ಮಾಮೂಲಿ ಲೆಕ್ಕದಲ್ಲಿ ಓದುತ್ತಿದ್ದೇನೆ.) 144 ಎಂದರೆ ಒಂದನೇ ಚಾನೆಲ್‌ನಲ್ಲಿ ಸ್ವರ ಶುರು, 60 ಎಂದರೆ ಯಾವ ಕೀ, 100 ಎಂದರೆ ಎಷ್ಟು ರಭಸದಿಂದ ಒತ್ತಿದ್ದು. ಬೆರಳೆತ್ತಿದರೆ 128, 60 ಮತ್ತು ಇನ್ನೊಂದು ಸಂಖ್ಯೆ. ಕೆಲವು ಕೀಬೋರ್ಡ್‌ಗಳು ಅದರ ಬದಲು 144, 60, 0 ಕಳಿಸುತ್ತವೆ. ರಭಸ ಸೊನ್ನೆ ಎಂದರೆ ಸ್ವರ ಮುಗಿಯಿತು ಎಂದೇ ಲೆಕ್ಕ. ಇದೇ 60 ಯಮಹಾ ಪದ್ಧತಿಯಲ್ಲಿ ಸಿ-3, ರೋಲ್ಯಾಂಡ್ ಪದ್ಧತಿಯಲ್ಲಿ ಸಿ-4. ಒಂದು ಸ್ಥಾಯಿ ಹೆಚ್ಚುಕಡಿಮೆ ಕಂಡರೆ ಗಾಬರಿಯಾಗಬೇಡಿ, ಸಂಖ್ಯೆ ನೋಡಿ.

ಇವತ್ತಿನ ಮಾತಿನಲ್ಲಿ ಒಂದೇ ಒಂದನ್ನು ಮನೆಗೆ ಒಯ್ಯುವುದಾದರೆ ಈ ಮಾನಿಟರನ್ನು ಒಯ್ಯಿರಿ. ಸದ್ದು ಬರದಿದ್ದಾಗ ಮೊದಲು ಇಲ್ಲಿ ಸಂಖ್ಯೆ ಓಡುತ್ತಿದೆಯೇ ನೋಡಬೇಕು. ಓಡುತ್ತಿದ್ದರೆ ಕಂಟ್ರೋಲರ್, ಕೇಬಲ್, ಡ್ರೈವರ್ ಮೂರೂ ಸರಿ. ತಪ್ಪು ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ಒಳಗೆ ಅಥವಾ ಆಡಿಯೋ ದಾರಿಯಲ್ಲಿದೆ. ಓಡದಿದ್ದರೆ ಸಾಫ್ಟ್‌ವೇರ್ ಸೆಟ್ಟಿಂಗ್ ತಿರುವುತ್ತಾ ಕೂರುವುದು ದಂಡ.

ಐದು ಪಿನ್ನಿನ ಕೇಬಲ್

1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ಸಂಗೀತ ವಾದ್ಯಗಳ ಪ್ರದರ್ಶನದಲ್ಲಿ ಸೀಕ್ವೆನ್ಷಿಯಲ್ ಸರ್ಕಿಟ್ಸ್‌ನ ಪ್ರಾಫೆಟ್-600 ಮತ್ತು ರೋಲ್ಯಾಂಡ್‌ನ ಜುಪಿಟರ್-6 ಎಂಬ ಎರಡು ಸಿಂಥ್‌ಗಳನ್ನು ಕೇಬಲ್‌ನಿಂದ ಜೋಡಿಸಿ, ಒಂದರ ಕೀ ಒತ್ತಿ ಇನ್ನೊಂದರಲ್ಲಿ ಸದ್ದು ಬರಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಮಿಡಿ 1.0 ನಿಯಮಾವಳಿ ಹೊರಬಂತು. ಪ್ರತಿಸ್ಪರ್ಧಿ ಕಂಪನಿಗಳು ಕೂತು ಒಪ್ಪಿಕೊಂಡ ಆ ನಿಯಮ ಇವತ್ತಿಗೂ ನಡೆಯುತ್ತಿದೆ. ಅಂದಿನ ಸಿಂಥ್ ಇಂದಿನ ಇಂಟರ್‌ಫೇಸ್ ಜೊತೆ ಮಾತಾಡುತ್ತದೆ. ಕಂಪ್ಯೂಟರ್ ಲೋಕದಲ್ಲಿ ಇಂಥದ್ದು ತೀರಾ ಅಪರೂಪ.

ಡಿನ್ ಎಂಬ ಐದು ಪಿನ್ನಿನ ದುಂಡು ಪ್ಲಗ್ಗಿನಲ್ಲಿ ಪಿನ್‌ಗಳ ಅಂಕಿ ಸಾಲಾಗಿ ಬರುವುದಿಲ್ಲ. ಅರ್ಧವೃತ್ತದ ಒಂದು ಕೊನೆಯಿಂದ 1, 4, 2, 5, 3. ಕೆಲಸ ಮಾಡುವುದು ಮೂರೇ: ಸಿಗ್ನಲ್‌ಗೆ 4 ಮತ್ತು 5, ಶೀಲ್ಡಿಗೆ ನಡುವಿನ 2. ನೀವೇ ಬೆಸುಗೆ ಹಾಕುವುದಾದರೆ 4ಕ್ಕೆ 4, 5ಕ್ಕೆ 5, 2ಕ್ಕೆ 2. ಅದಲುಬದಲು ಏನೂ ಇಲ್ಲ. ಶೀಲ್ಡನ್ನು ಪ್ಲಗ್ಗಿನ ಲೋಹದ ಕವಚಕ್ಕೆ ತಾಗಿಸಬೇಡಿ. ಹಳೆಯ ಟೇಪ್ ರೆಕಾರ್ಡರ್‌ಗಳ ಆಡಿಯೋ ಕೇಬಲ್ಲಿಗೂ ಇದೇ ಪ್ಲಗ್ ಇರುತ್ತದೆ, ಆದರೆ ಒಳಗಿನ ವೈರಿಂಗ್ ಬೇರೆ ಇರಬಹುದು. ಮಲ್ಟಿಮೀಟರ್ ಬೀಪ್‌ಗಿಟ್ಟು ಮೂರೂ ಪಿನ್ ಮುಟ್ಟಿ ನೋಡಿದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಕೇಬಲ್ಲಿನ ಉದ್ದ 15 ಮೀಟರ್ ದಾಟಬಾರದು.

ಇದರಲ್ಲಿ ನಿಜವಾದ ಜಾಣ್ಮೆ ಇರುವುದು ಇನ್ ಸಾಕೆಟ್ಟಿನ ಹಿಂದೆ. ಅಲ್ಲೊಂದು ಆಪ್ಟೋಕಪ್ಲರ್ ಕೂತಿದೆ. ಬಂದ 5 ಮಿಲಿಆಂಪಿಯರ್ ಕರೆಂಟು ಒಂದು ಪುಟ್ಟ ಎಲ್‌ಇಡಿಯನ್ನು ಬೆಳಗಿಸುತ್ತದೆ, ಎದುರಿನ ಬೆಳಕು-ಸಂವೇದಿ ಅದನ್ನು ಓದುತ್ತದೆ. ಎರಡು ಯಂತ್ರಗಳ ನಡುವೆ ದಾಟುವುದು ಬೆಳಕು ಮಾತ್ರ. ಪಿನ್ 2 ಕೂಡ ಔಟ್ ಕಡೆ ಮಾತ್ರ ಗ್ರೌಂಡಿಗೆ ಸೇರಿರುತ್ತದೆ, ಇನ್ ಕಡೆ ಬಿಟ್ಟಿರುತ್ತಾರೆ. ಹಾಗಾಗಿ ಡಿನ್ ಕೇಬಲ್ ಮೂಲಕ ಒಂದು ಯಂತ್ರದ ಹಮ್ (ಗುಂಯ್ ಎನ್ನುವ ಸದ್ದು) ಇನ್ನೊಂದಕ್ಕೆ ಹೋಗುವುದಿಲ್ಲ. ಯುಎಸ್‌ಬಿಯಲ್ಲಿ ಈ ಗೋಡೆ ಇಲ್ಲ. ಹಮ್ ವಿಷಯಕ್ಕೆ ಬಂದಾಗ ಇದನ್ನು ಮತ್ತೆ ತೆಗೆಯುತ್ತೇನೆ.

ವೇಗ ಸೆಕೆಂಡಿಗೆ 31,250 ಬಿಟ್. ಒಂದು ಬೈಟ್‌ಗೆ ಆರಂಭ, ಮುಕ್ತಾಯದ ಬಿಟ್ ಸೇರಿ ಹತ್ತು ಬಿಟ್, ಅಂದರೆ 320 ಮೈಕ್ರೋಸೆಕೆಂಡ್. ಮೂರು ಬೈಟಿನ ಒಂದು ಸ್ವರಕ್ಕೆ ಸುಮಾರು ಒಂದು ಮಿಲಿಸೆಕೆಂಡ್. ಒಟ್ಟಿಗೆ ನುಡಿಸಿದ ಎಂಟು ಸ್ವರದ ಕಾರ್ಡ್ (ಸ್ವರಗುಚ್ಛ) ಹಾಗೂ ಡ್ರಮ್‌ನ ಮೂರು ಪೆಟ್ಟು ಒಂದೇ ಕೇಬಲ್ಲಿನಲ್ಲಿ ಒಂದೇ ಕ್ಷಣಕ್ಕೆ ಹೊರಟರೆ ಕೊನೆಯದು ಹತ್ತು ಮಿಲಿಸೆಕೆಂಡ್‌ವರೆಗೂ ತಡವಾಗಬಹುದು. ಒಂದೇ ಔಟ್ ಇದ್ದಾಗ ಆಫ್ಟರ್‌ಟಚ್ (ಒತ್ತಿ ಹಿಡಿದ ಕೀ ಮೇಲಿನ ಒತ್ತಡದ ಸಂದೇಶ) ಬಳಸದಿದ್ದರೆ ಅದನ್ನು ಕಂಟ್ರೋಲರ್‌ನಲ್ಲೇ ಆಫ್ ಮಾಡಿಬಿಡಿ. ಕೀಯನ್ನು ಒತ್ತಿ ಹಿಡಿದಷ್ಟು ಹೊತ್ತೂ ಅದು ಸುಮ್ಮನೆ ಬೈಟ್ ಸುರಿಯುತ್ತಿರುತ್ತದೆ.

ಇನ್, ಔಟ್, ಥ್ರೂ. ಔಟ್ ಎಂದರೆ ಈ ಯಂತ್ರ ಹೇಳಿದ್ದು, ಥ್ರೂ ಎಂದರೆ ಇದರ ಇನ್‌ಗೆ ಬಂದದ್ದರ ನಕಲು. ಇನ್‌ಗೆ ಬಂದದ್ದು ಔಟ್‌ನಿಂದ ತಾನಾಗಿ ಹೊರಬರುವುದಿಲ್ಲ, ಆ ಸೆಟ್ಟಿಂಗ್ ಇರುವ ಕೆಲವು ಯಂತ್ರಗಳ ಹೊರತು. ಥ್ರೂ ಹಿಡಿದು ಒಂದರಿಂದ ಒಂದಕ್ಕೆ ಸರಪಳಿ ಹಾಕಿದರೆ ಮೂರು ಯಂತ್ರದವರೆಗೆ ಚಿಂತೆಯಿಲ್ಲ. ಪ್ರತಿ ಆಪ್ಟೋಕಪ್ಲರ್ ಸಿಗ್ನಲ್‌ನ ಅಂಚನ್ನು ಸ್ವಲ್ಪ ಸವೆಸುವುದರಿಂದ ನಾಲ್ಕು, ಐದನೆಯದಕ್ಕೆ ಹೋಗುವಷ್ಟರಲ್ಲಿ ಬಿಟ್ಟುಗಳ ಅಗಲ ಕೆಟ್ಟು ಸ್ವರಗಳು ಬಿಟ್ಟುಹೋಗುತ್ತವೆ. ಅಷ್ಟು ಯಂತ್ರಗಳಿದ್ದರೆ ಒಂದು ಇನ್, ನಾಲ್ಕೈದು ಥ್ರೂ ಇರುವ ಥ್ರೂ ಬಾಕ್ಸ್ ತನ್ನಿ.

ಜಾಗ ಉಳಿಸಲು ಈಗಿನ ಸಣ್ಣ ಯಂತ್ರಗಳು ಡಿನ್ ಬದಲು ಇಯರ್‌ಫೋನ್ ರೀತಿಯ 3.5 ಮಿ.ಮೀ. ಸಾಕೆಟ್ ಇಡುತ್ತವೆ. ಇಲ್ಲಿ ಎ, ಬಿ ಎಂದು ಎರಡು ಬಗೆಯ ವೈರಿಂಗ್. ಎ ಬಗೆಯಲ್ಲಿ ಪ್ಲಗ್ಗಿನ ತುದಿಗೆ ಪಿನ್ 5, ನಡುವಿನ ಉಂಗುರಕ್ಕೆ ಪಿನ್ 4. ಬಿ ಬಗೆಯಲ್ಲಿ ಉಲ್ಟಾ. 2018ರಲ್ಲಿ ಎ ಬಗೆಯೇ ಪ್ರಮಾಣ ಎಂದು ತೀರ್ಮಾನವಾಯಿತು, ಆದರೆ ಅದಕ್ಕೂ ಮುಂಚೆ ಬಂದ ಆರ್ಟೂರಿಯಾ, ನೊವೇಶನ್ ಯಂತ್ರಗಳಲ್ಲಿ ಬಿ ಬಗೆಯವು ಬಹಳ. ಕಾರ್ಗ್ ಮೊದಲಿನಿಂದ ಎ. ತಪ್ಪು ಅಡಾಪ್ಟರ್ ಹಾಕಿದರೆ ಏನೂ ಸುಡುವುದಿಲ್ಲ, ಬರೀ ಮೌನ. ಅಡಾಪ್ಟರ್ ಕಳೆದುಹೋಗಿ ಇನ್ನೊಂದು ತರುವಾಗ ಎ, ಬಿ ನೋಡಿ ತನ್ನಿ. ಎರಡು ಯಂತ್ರಗಳ 3.5 ಸಾಕೆಟ್ಟನ್ನು ನೇರವಾಗಿ ಜೋಡಿಸುವಾಗ ಕೇಬಲ್ ಸ್ಟೀರಿಯೋ ಆಗಿರಬೇಕು. ಮೊನೊ ಪ್ಲಗ್ಗಿನಲ್ಲಿ ಉಂಗುರ ಗ್ರೌಂಡಿಗೆ ಶಾರ್ಟ್ ಆಗಿಹೋಗುತ್ತದೆ.

ಯುಎಸ್‌ಬಿ

ಯುಎಸ್‌ಬಿಯಲ್ಲಿ ಒಂದು ಕಡೆ ಯಜಮಾನ ಇರಲೇಬೇಕು. ಕಂಪ್ಯೂಟರ್ ಯಜಮಾನ, ಕಂಟ್ರೋಲರ್ ಆಳು. ಕಂಟ್ರೋಲರ್ ಮತ್ತು ಸಿಂಥ್ ಎರಡಕ್ಕೂ ಪ್ರಿಂಟರ್ ಕೇಬಲ್ ಹಾಕುವ ಚೌಕ ಸಾಕೆಟ್ ಇದ್ದರೆ ಎರಡೂ ಆಳುಗಳೇ. ನಡುವೆ ಯಾವ ಕೇಬಲ್ ಹಾಕಿದರೂ ಮಾತಾಡುವುದಿಲ್ಲ. ಕಂಪ್ಯೂಟರ್ ಇಲ್ಲದೆ ವೇದಿಕೆಯ ಮೇಲೆ ಜೋಡಿಸಬೇಕಿದ್ದರೆ ಡಿನ್ ಬಳಸಿ, ಇಲ್ಲವೇ ಯುಎಸ್‌ಬಿ ಹೋಸ್ಟ್ ಇರುವ ಮಿಡಿ ಬಾಕ್ಸ್ ಬೇಕು. ಸಿಂಥ್‌ನ ಹಿಂದಿರುವ ಪೆನ್‌ಡ್ರೈವ್ ಸಾಕೆಟ್ ನೋಡಿ ಮೋಸಹೋಗಬೇಡಿ, ಅದು ಬಹುಪಾಲು ಫೈಲ್‌ಗಳಿಗಷ್ಟೇ.

ಕಂಟ್ರೋಲರ್ ಪತ್ತೆಯೇ ಆಗುತ್ತಿಲ್ಲವೇ? ಮೊದಲು ಕೇಬಲ್ ಬದಲಿಸಿ. ಮೊಬೈಲ್ ಚಾರ್ಜರ್ ಜೊತೆ ಬರುವ ಕೆಲವು ಕೇಬಲ್‌ಗಳಲ್ಲಿ ಕರೆಂಟಿನ ಎರಡು ತಂತಿ ಮಾತ್ರ ಇರುತ್ತವೆ, ಡೇಟಾ ತಂತಿ ಇರುವುದಿಲ್ಲ. ಲೈಟು ಹತ್ತುತ್ತದೆ, ಕಂಪ್ಯೂಟರ್‌ಗೆ ಮಾತ್ರ ಕಾಣುವುದಿಲ್ಲ. ಎರಡನೆಯದು ಡ್ರೈವರ್. ಬಹುತೇಕ ಕಂಟ್ರೋಲರ್‌ಗಳಿಗೆ ಪ್ರತ್ಯೇಕ ಡ್ರೈವರ್ ಬೇಡ. ಆದರೆ ರೋಲ್ಯಾಂಡ್‌ನ ಹಲವು ಕೀಬೋರ್ಡ್‌ಗಳಲ್ಲಿ ಯುಎಸ್‌ಬಿ ಡ್ರೈವರ್ ಎಂಬ ಸೆಟ್ಟಿಂಗ್ ಇದ್ದು ವೆಂಡರ್, ಜೆನೆರಿಕ್ ಎಂಬ ಎರಡು ಆಯ್ಕೆ ಇರುತ್ತವೆ. ಕಂಪನಿಯ ಡ್ರೈವರ್ ಹಾಕದೆ ವೆಂಡರ್‌ನಲ್ಲಿಟ್ಟರೆ ಕಂಪ್ಯೂಟರ್ ಗುರುತಿಸುವುದಿಲ್ಲ. ಬದಲಿಸಿದ ಮೇಲೆ ಕೀಬೋರ್ಡ್ ಆಫ್ ಮಾಡಿ ಆನ್ ಮಾಡಬೇಕು.

ಹಬ್ ಬಗ್ಗೆ. ಆಡಿಯೋ ಇಂಟರ್‌ಫೇಸ್ ಲ್ಯಾಪ್‌ಟಾಪಿಗೆ ನೇರ. ಮಿಡಿ ಯಂತ್ರಗಳು ಹಬ್‌ಗೆ. ಆ ಹಬ್‌ಗೆ ಸ್ವಂತ ಅಡಾಪ್ಟರ್ ಇರಲಿ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್. ಬಣ್ಣಬಣ್ಣದ ಲೈಟಿನ ಪ್ಯಾಡ್ ಕಂಟ್ರೋಲರ್ ಮತ್ತು ಕೀಬೋರ್ಡ್ ಎರಡನ್ನೂ ಅಡಾಪ್ಟರ್ ಇಲ್ಲದ ಹಬ್‌ಗೆ ಹಾಕಿದರೆ ಲೈಟು ಮಂಕಾಗುತ್ತದೆ, ನಡುನಡುವೆ ಸಂಪರ್ಕ ಕಡಿದುಹೋಗುತ್ತದೆ.

ವಿಂಡೋಸ್ ಬಳಸುವವರು ಒಂದು ಯಂತ್ರವನ್ನು ಯಾವಾಗಲೂ ಒಂದೇ ಪೋರ್ಟಿಗೆ ಹಾಕಿ. ಪೋರ್ಟ್ ಬದಲಾದರೆ ವಿಂಡೋಸ್ ಅದನ್ನು ಹೊಸ ಯಂತ್ರವೆಂದು ತಿಳಿದು ಹೆಸರಿನ ಮುಂದೆ "2-" ಎಂದು ಸೇರಿಸಬಹುದು. ಆಗ ಸಾಫ್ಟ್‌ವೇರ್‌ನಲ್ಲಿ ನೀವು ಮಾಡಿಟ್ಟ ಸೆಟ್ಟಿಂಗ್ ಹಳೆಯ ಹೆಸರಿಗೇ ಅಂಟಿಕೊಂಡಿರುತ್ತದೆ. ಪೋರ್ಟುಗಳಿಗೆ ಬಣ್ಣದ ಟೇಪ್ ಅಂಟಿಸಿದರೆ ಸಾಕು. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ಗಳ ಪವರ್ ಮ್ಯಾನೇಜ್‌ಮೆಂಟ್ ಪುಟ ತೆರೆದು, ವಿದ್ಯುತ್ ಉಳಿಸಲು ಇದನ್ನು ಆಫ್ ಮಾಡಬಹುದು ಎಂಬ ಟಿಕ್ ತೆಗೆದುಬಿಡಿ. ಹತ್ತು ನಿಮಿಷ ಮುಟ್ಟದೆ ಬಿಟ್ಟ ಕೀಬೋರ್ಡ್ "ಸತ್ತುಹೋಗುವುದು" ಹಲವು ಸಲ ಇದರಿಂದಲೇ. ಇನ್ನೊಂದು: ವಿಂಡೋಸ್‌ನ ಹಳೆಯ ಮಿಡಿ ವ್ಯವಸ್ಥೆಯಲ್ಲಿ ಬಹಳಷ್ಟು ಡ್ರೈವರ್‌ಗಳು ಒಂದು ಪೋರ್ಟನ್ನು ಒಂದು ಹೊತ್ತಿಗೆ ಒಂದೇ ಪ್ರೋಗ್ರಾಮಿಗೆ ಕೊಡುತ್ತವೆ. ಮಾನಿಟರ್ ತೆರೆದಿಟ್ಟು ರೀಪರ್, ಕ್ಯೂಬೇಸ್‌ನಂಥ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಕೀಬೋರ್ಡ್ ಬರುತ್ತಿಲ್ಲ ಎಂದರೆ ತಪ್ಪು ಮಾನಿಟರ್‌ನದು, ಮುಚ್ಚಿ ನೋಡಿ. ಮ್ಯಾಕ್‌ನಲ್ಲಿ ಈ ತಾಪತ್ರಯ ಇಲ್ಲ.

ಈಗ ಜೋಡಿಸೋಣ

ಎಲ್ಲವನ್ನೂ ಒಮ್ಮೆಗೇ ಸಿಕ್ಕಿಸಬೇಡಿ. ಮೊದಲು ಇಂಟರ್‌ಫೇಸ್ ಮತ್ತು ಸ್ಪೀಕರ್ ಮಾತ್ರ. ಒಂದು ಹಾಡು ಹಾಕಿ ಕೇಳಿ. ನಾದದ ದಾರಿ ಸರಿ ಎಂದು ಖಚಿತವಾಯಿತು. ನಂತರ ಕಂಟ್ರೋಲರ್ ಯುಎಸ್‌ಬಿಗೆ. ಮಾನಿಟರ್‌ನಲ್ಲಿ ಸಂಖ್ಯೆ ನೋಡಿ, ಸಾಫ್ಟ್‌ವೇರ್ ತೆರೆದು ಒಂದು ಸಾಫ್ಟ್ ಸಿಂಥ್ (ಕಂಪ್ಯೂಟರ್‌ನೊಳಗೇ ಸದ್ದು ಹುಟ್ಟಿಸುವ ಸಿಂಥ್) ನುಡಿಸಿ.

ಮೂರನೆಯದು ಸಿಂಥ್. ಇಂಟರ್‌ಫೇಸ್‌ನ ಮಿಡಿ ಔಟ್‌ನಿಂದ ಸಿಂಥ್‌ನ ಇನ್‌ಗೆ ಒಂದು, ಸಿಂಥ್‌ನ ಔಟ್‌ನಿಂದ ಇಂಟರ್‌ಫೇಸ್‌ನ ಇನ್‌ಗೆ ಇನ್ನೊಂದು. ಆಡಿಯೋಗೆ ಸಿಂಥ್‌ನ ಎಡ, ಬಲ ಔಟ್‌ಪುಟ್‌ನಿಂದ ಇಂಟರ್‌ಫೇಸ್‌ನ 1, 2ಕ್ಕೆ ಕಾಲು ಇಂಚಿನ ಪ್ಲಗ್ಗಿನ ಎರಡು ಕೇಬಲ್. ಇನ್‌ಪುಟ್ ಗುಂಡಿ ಲೈನ್‌ನಲ್ಲಿರಲಿ. ಇನ್‌ಸ್ಟ್ರುಮೆಂಟ್‌ನಲ್ಲಿಟ್ಟರೆ ಬೇಗ ಒಡಕು ಸದ್ದು ಬರುತ್ತದೆ. ಸಿಂಥ್ ಎರಡೂ ಇನ್‌ಪುಟ್ ತಿಂದಮೇಲೆ ಮೈಕ್ ಎಲ್ಲಿಗೆ? ಮಿಡಿಯ ಉಪಯೋಗ ಕಾಣುವುದೇ ಇಲ್ಲಿ. ಸಿಂಥ್ ನುಡಿಸುವಾಗ ಆಜ್ಞೆಯನ್ನು ಮಾತ್ರ ರೆಕಾರ್ಡ್ ಮಾಡಿ, ತಪ್ಪು ತಿದ್ದಿ. ಆಮೇಲೆ ಸಾಫ್ಟ್‌ವೇರ್‌ನಿಂದಲೇ ಸಿಂಥ್ ನುಡಿಸಿ ಅದರ ಆಡಿಯೋ ಹಿಡಿದುಕೊಳ್ಳಿ. ನಂತರ ಕೇಬಲ್ ಕಿತ್ತು ಡ್ರಮ್ ಮಷೀನ್, ಕೊನೆಗೆ ಮೈಕ್. ಹೊರಗಿನ ಯಂತ್ರದ ಸದ್ದನ್ನು ಸಾಫ್ಟ್ ಸಿಂಥ್‌ನಂತೆ ಕ್ಷಣದಲ್ಲಿ ಆಡಿಯೋ ಫೈಲಾಗಿ ರೆಂಡರ್ ಮಾಡಲಾಗದು. ಹಾಡು ನಾಲ್ಕು ನಿಮಿಷದ್ದಾದರೆ ನಾಲ್ಕು ನಿಮಿಷ ಕೂತು ರೆಕಾರ್ಡ್ ಮಾಡಬೇಕು.

ನಾಲ್ಕನೆಯದು ಡ್ರಮ್ ಮಷೀನ್. ಸಿಂಥ್‌ನ ಥ್ರೂದಿಂದ ಡ್ರಮ್ ಮಷೀನಿನ ಇನ್‌ಗೆ. ಚಾನೆಲ್ ಹಂಚುವ ಕೆಲಸ ಬರುವುದು ಈಗ. ಒಂದು ಪೋರ್ಟಿಗೆ 16 ಚಾನೆಲ್. ಸಿಂಥ್‌ಗೆ 2, ಡ್ರಮ್‌ಗೆ 10 ಎಂದು ಇಟ್ಟುಕೊಳ್ಳೋಣ. 1991ರ ಜನರಲ್ ಮಿಡಿ ನಿಯಮದಂತೆ ತಾಳವಾದ್ಯಕ್ಕೆ 10 ರೂಢಿ. ಆದರೆ ಆ ರೂಢಿಯೇ ತೊಡರುಗಾಲಾಗುವುದುಂಟು: ಹಲವು ಧ್ವನಿಗಳನ್ನು ಒಟ್ಟಿಗೆ ನುಡಿಸುವ ಮೋಡ್‌ನಲ್ಲಿ ಸಿಂಥ್ ಕೂಡ 10ನೇ ಚಾನೆಲ್‌ನಲ್ಲಿ ತನ್ನದೇ ಡ್ರಮ್ ಕಿಟ್ ತೆರೆದಿಟ್ಟಿರುತ್ತದೆ. ಡ್ರಮ್ ಮಷೀನ್ ನುಡಿಸಿದರೆ ಸಿಂಥ್‌ನಿಂದಲೂ ಢಮಾರ್. ಸಿಂಥ್‌ 10ನೇ ಚಾನೆಲ್‌ನ ಸಂದೇಶ ಸ್ವೀಕರಿಸುವುದನ್ನು ಆಫ್ ಮಾಡಿ.

ಇನ್ನು ಎಲ್ಲರನ್ನೂ ಕಾಡುವ ಲೋಕಲ್ ಕಂಟ್ರೋಲ್, ಅಂದರೆ ಸಿಂಥ್‌ನ ಕೀಗಳಿಗೂ ಅದರ ಒಳಗಿನ ಧ್ವನಿಗೂ ಇರುವ ನೇರ ಕೊಂಡಿ. ಸಿಂಥ್‌ನ ಕೀ ಒತ್ತಿದಾಗ ಎರಡು ಕೆಲಸವಾಗುತ್ತದೆ. ಅದರ ಒಳಗಿನ ಧ್ವನಿ ನೇರವಾಗಿ ನುಡಿಯುತ್ತದೆ. ಅದೇ ಸ್ವರದ ಆಜ್ಞೆ ಔಟ್‌ನಿಂದ ಕಂಪ್ಯೂಟರ್‌ಗೆ ಹೋಗಿ, ಸಾಫ್ಟ್‌ವೇರ್ ಅದನ್ನು ಟ್ರ್ಯಾಕಿನ ಮೂಲಕ ಮರಳಿ ಸಿಂಥ್‌ನ ಇನ್‌ಗೆ ಕಳಿಸಿ, ಕೆಲವು ಮಿಲಿಸೆಕೆಂಡ್ ಬಿಟ್ಟು ಅದೇ ಸ್ವರ ಮತ್ತೆ ನುಡಿಯುತ್ತದೆ. ಕೇಳುವುದಕ್ಕೆ ಪೀಪಾಯಿಯೊಳಗಿಂದ ಬಂದಂತೆ ಟೊಳ್ಳು ಸದ್ದು. ಒಟ್ಟಿಗೆ ನುಡಿಯಬಹುದಾದ ಸ್ವರಗಳ ಮಿತಿಯೂ ಅರ್ಧಕ್ಕಿಳಿಯುತ್ತದೆ. ಇಂಥ ಸದ್ದು ಕೇಳಿದ ಕೂಡಲೇ ಸಿಂಥ್‌ನ ಮೆನುವಿನಲ್ಲಿ ಲೋಕಲ್ ಆಫ್ ಮಾಡಿ. ಮಿಡಿ ಮೂಲಕವೂ ಮಾಡಬಹುದು, ಕಂಟ್ರೋಲ್ ಸಂಖ್ಯೆ 122ಕ್ಕೆ ಬೆಲೆ 0. ಹಲವು ಕೀಬೋರ್ಡ್‌ಗಳು ಆಫ್ ಮಾಡಿ ಆನ್ ಮಾಡಿದಾಗ ಇದನ್ನು ಮರೆತು ಮತ್ತೆ ಲೋಕಲ್ ಆನ್‌ಗೆ ಬರುತ್ತವೆ; ಹಾಗಿದ್ದರೆ ಪ್ರಾಜೆಕ್ಟಿನ ಮೊದಲ ಬಾರ್‌ನಲ್ಲೇ ಈ ಸಂದೇಶ ಇಟ್ಟುಬಿಡಿ. ಇದಕ್ಕೆ ಉಲ್ಟಾ ದೂರೂ ಇದೆ: ಕಂಪ್ಯೂಟರ್ ಇಲ್ಲದೆ ಕಾರ್ಯಕ್ರಮಕ್ಕೆ ಒಯ್ದಾಗ ಕೀಬೋರ್ಡ್ ಮೂಕಾಗುತ್ತದೆ. ರಿಪೇರಿ ಅಂಗಡಿಗೆ ಹೋಗುವ ಮೊದಲು ಲೋಕಲ್ ಆನ್ ಮಾಡಿ ನೋಡಿ.

ಫೇಡರ್, ಪ್ಲೇ, ರೆಕಾರ್ಡ್ ಗುಂಡಿಗಳಿರುವ ಕಂಟ್ರೋಲರ್‌ಗಳಿಗೆ ಕಂಪ್ಯೂಟರ್‌ನಲ್ಲಿ ಎರಡು ಪೋರ್ಟ್ ಕಾಣುತ್ತವೆ. ಒಂದು ಕೀಗಳದ್ದು, ಎರಡನೆಯದು ಸಾಫ್ಟ್‌ವೇರನ್ನು ಗುಂಡಿಗಳಿಂದ ನಡೆಸುವ ಮ್ಯಾಕಿ ಕಂಟ್ರೋಲ್ ಪದ್ಧತಿಯದು. ಆ ಪದ್ಧತಿಯಲ್ಲಿ ಗುಂಡಿಗಳು ಕಳಿಸುವುದು ಸ್ವರದ ಸಂದೇಶವನ್ನೇ, ಫೇಡರ್‌ಗಳು ಕಳಿಸುವುದು ಪಿಚ್ ಬೆಂಡ್ (ಸ್ವರ ಜಾರಿಸುವ ಸಂದೇಶ). ಎರಡನೇ ಪೋರ್ಟನ್ನು ಸಾಫ್ಟ್‌ವೇರ್‌ನ ಕಂಟ್ರೋಲ್ ಸರ್ಫೇಸ್ ಪಟ್ಟಿಯಲ್ಲಿ ಮಾತ್ರ ಸೇರಿಸಿ, ಟ್ರ್ಯಾಕಿನ ಇನ್‌ಪುಟ್‌ಗಳಿಂದ ತೆಗೆದುಹಾಕಿ. ಇಲ್ಲದಿದ್ದರೆ ಪ್ಲೇ ಒತ್ತಿದಾಗಲೆಲ್ಲ ಎಲ್ಲಿಂದಲೋ ಒಂದು ಅಪಸ್ವರ ಹಾಡಿನೊಳಗೆ ಬಂದು ಕೂರುತ್ತದೆ.

ಗಮಕ ಮತ್ತು ತಾಳ

ನಮ್ಮ ಸಂಗೀತ ನುಡಿಸುವವರಿಗೆ ಪಿಚ್ ಬೆಂಡ್ ಚಕ್ರ ಅಲಂಕಾರವಲ್ಲ. ಮಿಡಿಯಲ್ಲಿ ಇದಕ್ಕೆ 16,384 ಹಂತ, ನಡು 8192. ಚಕ್ರ ಕಳಿಸುವುದು ಹಂತವನ್ನು ಮಾತ್ರ. ಆ ಹಂತಕ್ಕೆ ಸ್ವರ ಎಷ್ಟು ಜಾರಬೇಕು ಎಂಬುದು ಧ್ವನಿ ಕೊಡುವ ಸಿಂಥ್ ಅಥವಾ ಪ್ಲಗಿನ್‌ನ ಸೆಟ್ಟಿಂಗ್. ಸಾಮಾನ್ಯವಾಗಿ ಅದು ಆಚೆಗೆ ಎರಡು, ಈಚೆಗೆ ಎರಡು ಅರ್ಧಸ್ವರ. ಷಡ್ಜದಿಂದ ಪಂಚಮಕ್ಕೆ ಜಾರಬೇಕಿದ್ದರೆ 7 ಬೇಕು, ಮೇಲಿನ ಷಡ್ಜದವರೆಗೆ 12. ಸೆಟ್ಟಿಂಗ್ ಮೆನುವಿನಲ್ಲಿ ಸಿಗದಿದ್ದರೆ ಆ ಚಾನೆಲ್‌ಗೆ ಮೂರು ಕಂಟ್ರೋಲ್ ಸಂದೇಶ ಇದೇ ಕ್ರಮದಲ್ಲಿ ಕಳಿಸಿ: 101ಕ್ಕೆ 0, 100ಕ್ಕೆ 0, 6ಕ್ಕೆ 12.

12ಕ್ಕೆ ಏರಿಸಿದಾಗ ಅಗ್ಗದ ಕಂಟ್ರೋಲರ್‌ಗಳ ಬಣ್ಣ ಬಯಲಾಗುತ್ತದೆ. ಪೂರ್ಣ ಹಂತ ಕಳಿಸುವ ಚಕ್ರದಲ್ಲಿ 2400 ಸೆಂಟ್‌ಗಳು (ಒಂದು ಅರ್ಧಸ್ವರಕ್ಕೆ 100 ಸೆಂಟ್) 16,384 ತುಂಡಾಗುತ್ತವೆ, ಒಂದು ಹಂತ 0.15 ಸೆಂಟ್. ಬರೀ 128 ಹಂತ ಕಳಿಸುವ ಚಕ್ರದಲ್ಲಿ ಒಂದೊಂದು ಹಂತ 18.75 ಸೆಂಟ್, ಜಾರು ನುಣುಪಾಗಿರದೆ ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತದೆ. ಮಾನಿಟರ್ ತೆರೆದು ಚಕ್ರವನ್ನು ನಿಧಾನ ತಿರುಗಿಸಿ. ಎರಡು ಡೇಟಾ ಸಂಖ್ಯೆಗಳಲ್ಲಿ ಮೊದಲನೆಯದು ಯಾವಾಗಲೂ 0 ಆಗಿಯೇ ಇದ್ದರೆ ನಿಮ್ಮದು 128ರ ಚಕ್ರ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಲ್ಯಾಪ್‌ಟಾಪ್ ತೆರೆದು ನೋಡಲು ಅಡ್ಡಿಯಿಲ್ಲ.

ಬೆಂಡ್ ಇಡೀ ಚಾನೆಲ್‌ಗೆ ಅನ್ವಯ. ಕೊಳಲಿನ ಧ್ವನಿಯೂ ಶ್ರುತಿಯ ಧ್ವನಿಯೂ ಒಂದೇ ಚಾನೆಲ್‌ನಲ್ಲಿದ್ದರೆ ಗಾಂಧಾರ ಅಲುಗಿಸಿದಾಗ ಆಧಾರ ಷಡ್ಜವೂ ಅಲುಗುತ್ತದೆ. ಶ್ರುತಿಗೆ ಬೇರೆ ಚಾನೆಲ್ ಕೊಡಿ. ಪ್ರತಿ ಸ್ವರಕ್ಕೂ ಪ್ರತ್ಯೇಕ ಚಾನೆಲ್ ಕೊಡುವ ಎಂಪಿಇ ಪದ್ಧತಿ 2018ರಿಂದ ಮಾನ್ಯವಾಗಿದೆ, ಆದರೆ ಕಂಟ್ರೋಲರ್, ಸಾಫ್ಟ್‌ವೇರ್, ಧ್ವನಿ ಮೂರೂ ಅದನ್ನು ಬಲ್ಲವಾಗಿರಬೇಕು. ಶ್ರುತಿ ಬದಲಿಸಲು ಟ್ರಾನ್ಸ್‌ಪೋಸನ್ನು ಕೀಬೋರ್ಡಿನಲ್ಲಿ ಮಾಡುತ್ತೀರೋ ಸಾಫ್ಟ್‌ವೇರ್‌ನಲ್ಲಿ ಮಾಡುತ್ತೀರೋ ಒಂದು ಕಡೆ ಮಾತ್ರ ಮಾಡಿ.

ಇನ್ನು ತಾಳ. ಯಂತ್ರಗಳ ವೇಗವನ್ನು ಒಂದಕ್ಕೊಂದು ಹೊಂದಿಸುವ ಮಿಡಿ ಕ್ಲಾಕ್ ಒಂದು ಕಾಲು ಸ್ವರಕ್ಕೆ, ಅಂದರೆ ಮೆಟ್ರೊನೋಮಿನ ಒಂದು ಬಡಿತಕ್ಕೆ, 24 ಟಿಕ್ ಕಳಿಸುತ್ತದೆ. ನಿಮಿಷಕ್ಕೆ 120 ಬಡಿತದ ವೇಗದಲ್ಲಿ ಸೆಕೆಂಡಿಗೆ 48 ಟಿಕ್. ಚತುರಶ್ರ ನಡೆಗೆ 24ನ್ನು 4ರಿಂದ ಭಾಗಿಸಿದರೆ 6, ತಿಶ್ರಕ್ಕೆ 8. ಖಂಡಕ್ಕೆ 4.8, ಮಿಶ್ರಕ್ಕೆ ಇನ್ನೂ ಹರಿಯದ ಭಿನ್ನ. ಐದರ, ಏಳರ ನಡೆಗಳಲ್ಲಿ ಬಡಿತಗಳ ನಡುವಿನ ಪೆಟ್ಟು ಟಿಕ್ ಮೇಲೆ ಕೂರುವುದೇ ಇಲ್ಲ. ಡ್ರಮ್ ಮಷೀನ್ ಟಿಕ್‌ಗಳ ನಡುವೆ ತಾನೇ ಅಂದಾಜು ಹಾಕಬೇಕು. ಕೆಲವು ಯಂತ್ರಗಳು ಅದನ್ನು ಮಾಡುವುದಿಲ್ಲ. ಖಂಡ ನಡೆಯ ಮೃದಂಗದ ಮುಕ್ತಾಯವನ್ನು ಕ್ಲಾಕ್ ನಂಬಿ ಬಿಡದೆ ಸಾಫ್ಟ್‌ವೇರ್‌ನಲ್ಲೇ ಸ್ವರಗಳಾಗಿ ಬರೆದು ಕಳಿಸುವುದು ಕ್ಷೇಮ.

ಕ್ಲಾಕ್‌ಗೆ ಆವರ್ತನದ ಅರಿವೂ ಇಲ್ಲ. ಪ್ಯಾಟರ್ನ್ ಉದ್ದವನ್ನು ಡ್ರಮ್ ಮಷೀನ್‌ನಲ್ಲೇ ಕೊಡಬೇಕು. ಮಿಶ್ರ ಛಾಪಿನ ಒಂದು ಎಣಿಕೆಗೆ ಎರಡು ಸ್ಟೆಪ್ (ಪ್ಯಾಟರ್ನಿನ ಒಂದೊಂದು ಮನೆ) ಎಂದರೆ 14, ಖಂಡ ಛಾಪಿಗೆ 10, ಆದಿತಾಳದ ಎಂಟು ಎಣಿಕೆಗೆ ನಾಲ್ಕರಂತೆ 32. ಮಾಮೂಲಿ 16ರಲ್ಲೇ ಬಿಟ್ಟರೆ ಮಿಶ್ರ ಛಾಪು ಪ್ರತಿ ಆವರ್ತನಕ್ಕೆ ಎರಡು ಸ್ಟೆಪ್ ಸರಿಯುತ್ತಾ ಹೋಗುತ್ತದೆ.

ಕ್ಲಾಕ್ ಕೊಡುವ ಯಜಮಾನ ಒಬ್ಬನೇ ಇರಲಿ. ಉಳಿದವುಗಳಲ್ಲಿ ಕ್ಲಾಕ್ ಎಕ್ಸ್‌ಟರ್ನಲ್. ಡ್ರಮ್ ಮಷೀನ್ ಡಿನ್, ಯುಎಸ್‌ಬಿ ಎರಡರಲ್ಲೂ ಜೋಡಣೆಯಾಗಿದ್ದರೆ ಎರಡೂ ದಾರಿಯಿಂದ ಟಿಕ್ ಬಂದು ವೇಗ ಹುಚ್ಚಾಗುತ್ತದೆ. ಒಂದು ಪೋರ್ಟಿಗೆ ಮಾತ್ರ ಸಿಂಕ್ ಕಳಿಸಿ. ರೆಕಾರ್ಡ್ ಆದ ಪೆಟ್ಟು ಸಾಫ್ಟ್‌ವೇರ್‌ನ ತಾಳದ ಗೆರೆಗಿಂತ (ಗ್ರಿಡ್) ತಡವಾಗಿ ಬಿದ್ದರೆ ವೇವ್‌ಫಾರ್ಮ್ ಹಿಗ್ಗಿಸಿ ಅಂತರ ಅಳೆಯಿರಿ. 48 ಕಿಲೋಹರ್ಟ್ಸ್‌ನಲ್ಲಿ 480 ಸ್ಯಾಂಪಲ್ ಎಂದರೆ 10 ಮಿಲಿಸೆಕೆಂಡ್. ಆ ಮಿಡಿ ಟ್ರ್ಯಾಕಿಗೆ ಮೈನಸ್ 10 ಎಂದು ಡಿಲೇ ಕೊಟ್ಟರೆ ಸರಿಹೋಯಿತು.

ಕೀ ಒತ್ತಿದ ಮೇಲೆ ಸಾಫ್ಟ್ ಸಿಂಥ್ ತಡವಾಗಿ ನುಡಿಯುವುದು ಬೇರೆ ವಿಷಯ, ಅದು ಆಡಿಯೋ ಬಫರ್‌ನದು, ಅಂದರೆ ಕಂಪ್ಯೂಟರ್ ಸದ್ದನ್ನು ಒಂದೊಂದು ಕಂತಾಗಿ ಕೂಡಿಟ್ಟು ಕಳಿಸುವ ಜಾಗದ್ದು. 44.1 ಕಿಲೋಹರ್ಟ್ಸ್‌ನಲ್ಲಿ 512 ಸ್ಯಾಂಪಲ್ ಬಫರ್ ಎಂದರೆ 11.6 ಮಿಲಿಸೆಕೆಂಡ್, 128 ಎಂದರೆ 2.9. ನುಡಿಸುವಾಗ 128, ಮಿಕ್ಸ್ ಮಾಡುವಾಗ 512 ಅಥವಾ 1024. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ಕಂಪನಿಯದೇ ಏಸಿಯೋ ಡ್ರೈವರ್ (ತಡ ಕಡಿಮೆ ಮಾಡುವ ಆಡಿಯೋ ಡ್ರೈವರ್) ಹಾಕಿ.

ಹಮ್ ಮತ್ತು ಕಿರಿಕಿರಿ

ಸಿಂಥ್‌ನಿಂದ ಲ್ಯಾಪ್‌ಟಾಪಿಗೆ ಯುಎಸ್‌ಬಿ, ಅದೇ ಸಿಂಥ್‌ನಿಂದ ಇಂಟರ್‌ಫೇಸ್‌ಗೆ ಆಡಿಯೋ, ಇಂಟರ್‌ಫೇಸ್‌ನಿಂದ ಅದೇ ಲ್ಯಾಪ್‌ಟಾಪಿಗೆ ಇನ್ನೊಂದು ಯುಎಸ್‌ಬಿ. ಗ್ರೌಂಡ್ ಹೀಗೆ ಉಂಗುರವಾಯಿತು. ಮೌಸ್ ಅಲುಗಿಸಿದಾಗ ಸ್ಪೀಕರ್‌ನಲ್ಲಿ ಚಿರ್‌ ಚಿರ್‌ ಎನ್ನುವುದು ಈ ಉಂಗುರದ ಕೆಲಸ. ಪರೀಕ್ಷೆ ಸುಲಭ: ಸಿಂಥ್‌ನ ಯುಎಸ್‌ಬಿ ಕೀಳಿ. ಸದ್ದು ನಿಂತರೆ ಆ ಸಿಂಥ್‌ಗೆ ಡಿನ್ ಮಿಡಿ ಬಳಸಿ. ಅಲ್ಲಿನ ಆಪ್ಟೋಕಪ್ಲರ್ ಉಂಗುರವನ್ನು ಕಡಿಯುತ್ತದೆ. ಡಿನ್ ಇಲ್ಲದಿದ್ದರೆ ಆಡಿಯೋ ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್, ಅಥವಾ ಯುಎಸ್‌ಬಿ ಐಸೊಲೇಟರ್ ಹಾಕಿ; ಇವೂ ಗ್ರೌಂಡಿನ ಉಂಗುರವನ್ನು ಕಡಿಯುವ ಪೆಟ್ಟಿಗೆಗಳು. ಅಗ್ಗದ ಐಸೊಲೇಟರ್‌ಗಳಲ್ಲಿ ಹೆಚ್ಚಿನವು ಸೆಕೆಂಡಿಗೆ 12 ಮೆಗಾಬಿಟ್ ವೇಗದವು. ಮಿಡಿಗೆ ಧಾರಾಳ, ಆಡಿಯೋ ಇಂಟರ್‌ಫೇಸ್‌ಗೆ ಸಾಲದು.

ಯುಎಸ್‌ಬಿ ಕಿತ್ತರೂ ಗುಂಯ್ ಎನ್ನುತ್ತಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಆಗ ನಿಂತರೆ ಮನೆಯ ಅರ್ತಿಂಗ್ ಕಡೆ ಕಣ್ಣು ಹಾಯಿಸಬೇಕು. ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಅದರ ಮೂರನೇ ತೂತಿಗೆ ಅರ್ತ್ ವೈರ್ ಬಂದಿದೆ ಎಂದೇನಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಮೂರು ಅಳತೆ ತೆಗೆಸಿ: ಫೇಸ್–ನ್ಯೂಟ್ರಲ್, ಫೇಸ್–ಅರ್ತ್ ಎರಡೂ 230 ವೋಲ್ಟಿನ ಆಸುಪಾಸು ಹೆಚ್ಚುಕಡಿಮೆ ಒಂದೇ ಇರಬೇಕು, ನ್ಯೂಟ್ರಲ್–ಅರ್ತ್ ಎರಡು ಮೂರು ವೋಲ್ಟ್ ಒಳಗಿರಬೇಕು. ಹಾಡುವವರ ತುಟಿಗೆ ಮೈಕ್ ತಾಗಿದಾಗ ಜುಮ್ ಎನ್ನುತ್ತದೆ ಎಂದರೆ ರೆಕಾರ್ಡಿಂಗ್ ಅಲ್ಲಿಗೇ ನಿಲ್ಲಿಸಿ. ಹಮ್ ಹೋಗಲೆಂದು ಪ್ಲಗ್ಗಿನ ಅರ್ತ್ ಪಿನ್ ಮುರಿಯುವುದು, ಎರಡು ಪಿನ್ನಿನ ಕನ್ವರ್ಟರ್ ಹಾಕುವುದು ಪ್ರಾಣಕ್ಕೆ ಅಪಾಯ. ಎಲ್ಲ ಯಂತ್ರಗಳೂ ಒಂದೇ ಗೋಡೆ ಸಾಕೆಟ್ಟಿನ ಸ್ಪೈಕ್ ಬೋರ್ಡಿನಿಂದ ಕರೆಂಟು ಪಡೆಯಲಿ; ಇಷ್ಟಕ್ಕೆಲ್ಲ 6 ಆಂಪಿಯರ್ ಸಾಕೆಟ್ ಸಾಕು. ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಬದಲಾದರೆ ಹಮ್ ಹೊಸದಾಗಿ ಶುರುವಾಗುವುದು ಸಹಜ. ಆ ಹೊತ್ತಿನಲ್ಲಿ ಮಿಡಿ ತಿದ್ದುವ ಕೆಲಸ ಇಟ್ಟುಕೊಳ್ಳಿ.

ಸಭಿಕರ ಪ್ರಶ್ನೆಗಳು

ಬ್ಲೂಟೂತ್ ಮಿಡಿ ಆಗುತ್ತದೆಯೇ ಸಾರ್?
ಪ್ಯಾಡ್, ತಂತಿವಾದ್ಯದ ಹಿನ್ನೆಲೆ ನುಡಿಸಲು ಆಗುತ್ತದೆ. ಹತ್ತು ಮಿಲಿಸೆಕೆಂಡ್ ಮೇಲೆ ತಡ, ಅದಕ್ಕಿಂತ ಮುಖ್ಯವಾಗಿ ತಡ ಒಂದೇ ಸಮ ಇರುವುದಿಲ್ಲ. ಪಿಯಾನೋ, ಡ್ರಮ್‌ಗೆ ಕೇಬಲ್ ಹಾಕಿ. ಬ್ಲೂಟೂತ್ ಹೆಡ್‌ಫೋನ್ ಅಂತೂ ನುಡಿಸುವಾಗ ಬೇಡವೇ ಬೇಡ.

ಹಳೆಯ ಕೀಬೋರ್ಡ್, ಡಿನ್ ಮಾತ್ರ ಇದೆ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಯುಎಸ್‌ಬಿ–ಮಿಡಿ ಕೇಬಲ್ ಸಾಕೇ?
ಸ್ವರ ನುಡಿಸಲು ಬಹಳಷ್ಟು ಸಲ ಸಾಕು. ಆದರೆ ಅಂಥ ಹಲವು ಕೇಬಲ್‌ಗಳು ಸಿಸೆಕ್ಸ್ ಎಂಬ ಉದ್ದ ಸಂದೇಶವನ್ನು ನುಂಗುತ್ತವೆ, ಅಂದರೆ ಸಿಂಥ್‌ನ ಧ್ವನಿಗಳ ಬ್ಯಾಕಪ್ ಕೆಡುತ್ತದೆ. ಕೆಲವಕ್ಕೆ ಆಪ್ಟೋಕಪ್ಲರನ್ನೇ ಹಾಕಿರುವುದಿಲ್ಲ. ಪ್ಲಗ್ ಮೇಲೆ ಬರೆದ ಇನ್, ಔಟ್ ಕೂಡ ಒಬ್ಬೊಬ್ಬ ತಯಾರಕ ಒಂದೊಂದು ಅರ್ಥದಲ್ಲಿ ಬರೆಯುತ್ತಾನೆ. ಕೆಲಸ ಮಾಡದಿದ್ದರೆ ಎರಡನ್ನೂ ಅದಲುಬದಲು ಮಾಡಿ. ಇಂಟರ್‌ಫೇಸ್ ಇನ್ನೂ ಕೊಂಡಿಲ್ಲವೆಂದರೆ ಡಿನ್ ಮಿಡಿ ಇರುವುದನ್ನೇ ಕೊಳ್ಳಿ.

ಮಿಡಿ 2.0 ಬಂದಿದೆಯಂತೆ. ಕಾಯಬೇಕೇ?
2020ರಲ್ಲಿ ಪ್ರಕಟವಾಯಿತು. ಹಂತಗಳು ತುಂಬ ಸೂಕ್ಷ್ಮ, ಯಂತ್ರಗಳು ಪರಸ್ಪರ ವಿಚಾರಿಸಿಕೊಳ್ಳಬಲ್ಲವು. ಎದುರಿನ ಯಂತ್ರ ಹಳೆಯದಾದರೆ 1.0ರಲ್ಲೇ ಮಾತಾಡುತ್ತದೆ. ಕಾಯುವ ಕಾರಣವಿಲ್ಲ.

ಒಂದು ಸ್ವರ ಹಿಡಿದುಕೊಂಡೇ ಬಿಡುತ್ತದೆ, ನಿಲ್ಲುವುದೇ ಇಲ್ಲ.
ಸ್ವರ ಮುಗಿಸುವ ಸಂದೇಶ ತಲುಪಿಲ್ಲ. ಕೀ ಒತ್ತಿರುವಾಗಲೇ ಚಾನೆಲ್ ಬದಲಿಸಿರಬಹುದು, ಕೇಬಲ್ ಸಡಿಲವಿರಬಹುದು. ಸಾಫ್ಟ್‌ವೇರ್‌ನ ಪ್ಯಾನಿಕ್ ಒತ್ತಿ; ಇಲ್ಲದಿದ್ದರೆ ಕಂಟ್ರೋಲ್ 64ಕ್ಕೆ 0, ಆಮೇಲೆ 123ಕ್ಕೆ 0 ಕಳಿಸಿ. 64 ಸಸ್ಟೇನ್ ಪೆಡಲ್. ಅದು ಒತ್ತಿದ ಸ್ಥಿತಿಯಲ್ಲಿದ್ದರೆ 123 ಒಂದರಿಂದಲೇ ಸ್ವರ ನಿಲ್ಲದು.

ನನ್ನ ಪೆಡಲ್ ಉಲ್ಟಾ. ಒತ್ತಿದರೆ ನಿಲ್ಲುತ್ತೆ, ಬಿಟ್ಟರೆ ಹಿಡಿಯುತ್ತೆ.
ಪೆಡಲ್‌ಗಳಲ್ಲಿ ಎರಡು ಬಗೆ: ಒತ್ತಿದಾಗ ಸ್ವಿಚ್ ಕೂಡುವವು, ಒತ್ತಿದಾಗ ಬಿಡುವವು. ಬಹಳಷ್ಟು ಕೀಬೋರ್ಡ್‌ಗಳು ಆನ್ ಆಗುವ ಕ್ಷಣದಲ್ಲಿ ಪೆಡಲ್ ಹೇಗಿದೆ ಎಂದು ಓದಿ ಅದನ್ನೇ ಬಿಟ್ಟ ಸ್ಥಿತಿ ಎಂದು ತಿಳಿಯುತ್ತವೆ. ಕೀಬೋರ್ಡ್ ಆಫ್ ಮಾಡಿ, ಪೆಡಲ್ ಸಿಕ್ಕಿಸಿ, ಅದರ ಮೇಲೆ ಕಾಲಿಡದೆ ಆನ್ ಮಾಡಿ. ಆಗಲೂ ಉಲ್ಟಾ ಇದ್ದರೆ ಪೆಡಲ್‌ನ ಅಡಿಯಲ್ಲಿ ಪೊಲಾರಿಟಿಯ ಸಣ್ಣ ಸ್ವಿಚ್ ಇದೆಯೇ ನೋಡಿ. ಅದೂ ಇಲ್ಲದಿದ್ದರೆ ಕೀಬೋರ್ಡಿನ ಮೆನುವಿನಲ್ಲಿ ಪೆಡಲ್ ಪೊಲಾರಿಟಿ ಹುಡುಕಿ.